ಕಣ್ಣನ್ನಳೆಯುವ ಕೈ

ನಮ್ಮ ನುಡಿಯಲ್ಲಿ ‘ಕಣ್ಣಳತೆ’ ಎಂಬ ಮಾತೊಂದುಂಟು. ಸೇರು ಪಾವುಗಳನ್ನು ಹುಡುಕದೆ, ಕೋಲು ದಾರಗಳನ್ನು ಹಿಡಿಯದೆ, ನೋಡಿದ ಮಾತ್ರದಿಂದಲೇ ಇಷ್ಟಿರಬಹುದೆಂದು ನಿರ್ಧರಿಸುವುದಕ್ಕೆ ಆ ಹೆಸರು. ಅಡಿಗೆಯ ಮನೆಯಲ್ಲಿ ಉಪ್ಪು ಹುಳಿಗಳು ಬೀಳುವುದು ಈ ಕಣ್ಣಳತೆಯಿಂದ. ಹೊಲದ ಬದುವನ್ನು ರೈತನು ನೇರಮಾಡುವುದು ಇದೇ ಕಣ್ಣಳತೆಯಿಂದ. ಅದರಿಂದ ಸಂಸಾರಕ್ಕೆ ಹೆಚ್ಚಿನ ಹಾನಿಯೇನೂ ಆಗದು. ಸಾರಿಗೆ ಉಪ್ಪು ಸಾಲದಿದ್ದರೆ ಎಲೆಯ ಕೊನೆಯಲ್ಲಿ ಬಡಿಸಿದ ಉಪ್ಪು ಇದ್ದೇ ಇದೆ. ಆದರೆ ಅಳೆಯುವ ಕಣ್ಣನ್ನೇ ಅಳೆಯಬೇಕಾಗಿ ಬಂದಾಗ ಕಣ್ಣಳತೆ ಸಾಲದು. ಅಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೂ ಲೆಕ್ಕವುಂಟು. ಆ ಲೆಕ್ಕವನ್ನು ಹಿಡಿಯುವ ಕೈ ಯಾರದು, ಆ ಕೈಗೆ ಕಲಿಸಿದವರು ಯಾರು ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಮ್ಮ ಇಚ್ಛೆ.

ಕಣ್ಣಿನ ಪೊರೆಯನ್ನು ಅರಿಯದ ಮನೆ ನಮ್ಮಲ್ಲಿ ಇರಲಾರದು. ಕಣ್ಣಿನೊಳಗೆ ತಿಳಿಯಾಗಿದ್ದ ಮಸೂರವು ವಯಸ್ಸಾದಂತೆ ಮಬ್ಬಾಗಿ, ಕಡೆಗೆ ಹಾಲಿನಂತೆ ಬಿಳುಪೇರುವುದೇ ಈ ರೋಗ. ನಮ್ಮ ಹಿಂದಿನವರು ಇದನ್ನು ಅರಿಯದೆ ಇರಲಿಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಲಿಂಗನಾಶವೆಂಬ ಹೆಸರಿನಿಂದ ಇದು ಬಂದಿದೆ. ಶಲಾಕೆಯೆಂಬ ಕಡ್ಡಿಯಿಂದ ಅದನ್ನು ದೃಷ್ಟಿಯ ಮಾರ್ಗದಿಂದ ಸರಿಸುವ ವಿಧಾನವೂ ಅಲ್ಲಿಯೇ ಇದೆ. ಬಹುಕಾಲದ ಮೇಲೆ, ಮಬ್ಬಾದ ಮಸೂರವನ್ನು ಸರಿಸುವುದಕ್ಕೆ ಬದಲಾಗಿ ಹೊರಗೆ ತೆಗೆದುಬಿಡುವ ಕ್ರಮವು ಬಂದಿತು. ನಮ್ಮ ಬಾಲ್ಯದಲ್ಲಿ ಡಾ॥ ಎಂ. ಸಿ. ಮೋದಿಯವರ ನೇತ್ರಶಿಬಿರಗಳು ಕರ್ನಾಟಕದ ಊರೂರುಗಳಲ್ಲಿ ನಡೆಯುತ್ತಿದ್ದುವು. ಶಾಲೆಯ ಕೊಠಡಿಗಳೂ ಛತ್ರಗಳೂ ಆಸ್ಪತ್ರೆಗಳಾಗುತ್ತಿದ್ದುವು. ಆ ಕಾಲದ ಶಿಬಿರವೊಂದರಲ್ಲಿ ನಮ್ಮ ಅಜ್ಜಿಗೂ ಕಣ್ಣು ಬಂದಿತು. ಮಸೂರವನ್ನು ತೆಗೆದ ಕಣ್ಣಿಗೆ ಸುಮಾರು 10 ಡಯಾಪ್ಟರ್ ಶಕ್ತಿಯ ದಪ್ಪ ಸುಲೋಚನ ಬೇಕಾಗುತ್ತಿದ್ದಿತು. ಅದರಲ್ಲಿ ನೋಡಿದರೆ ವಸ್ತುಗಳೆಲ್ಲ ಸುಮಾರು ಕಾಲುಪಾಲು ದೊಡ್ಡವಾಗಿ ತೋರುವುವು. ಅಂಚಿನಲ್ಲಿರುವುದು ಕಾಣದೆ ಹೋಗಿ ಒಮ್ಮೆಲೇ ಎದುರಿಗೆ ಬರುವುದು. ಅಜ್ಜಿಯು ನೀರಿನ ಲೋಟಕ್ಕೆ ಕೈಚಾಚಿದರೆ ಕೈ ಅದರ ಈಚೆಗೇ ಮುಚ್ಚಿಕೊಳ್ಳುತ್ತಿದ್ದಿತು. ಆದರೂ ಆಕೆ ಮೊಮ್ಮಕ್ಕಳ ಮುಖವನ್ನು ಕಂಡೆನೆಂದು ಆ ವೈದ್ಯರನ್ನು ಸಾಯುವವರೆಗೂ ಹರಸುತ್ತಿದ್ದಳು.

ಆ ಕಾಲದ ಚಿಕಿತ್ಸೆಗೂ ಈ ಕಾಲದ ಚಿಕಿತ್ಸೆಗೂ ಇರುವ ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಸುಲೋಚನವು ಕಣ್ಣಿನ ಹೊರಗಿನದು. ಶಸ್ತ್ರಚಿಕಿತ್ಸೆಯಾದ ಮೇಲೆ ಸಾವಧಾನವಾಗಿ ಗಾಜುಗಳನ್ನು ಹಾಕಿ ತೆಗೆದು, ಯಾವುದು ಒಪ್ಪುವುದೋ ಅದನ್ನು ಕೊಡಬಹುದು, ತಪ್ಪಿದರೆ ಬದಲಾಯಿಸಬಹುದು. ಈಗಿನ ಕೃತಕ ಮಸೂರವಾದರೋ ಕಣ್ಣಿನ ಒಳಗೆ ಕೂಡುವುದು. ಅದರ ಶಕ್ತಿಯನ್ನು ಚಿಕಿತ್ಸೆಗೆ ಮೊದಲೇ ನಿಶ್ಚಯಿಸಬೇಕು. ಹೊಲಿದ ಅಂಗಿಯನ್ನು ತೊಟ್ಟು ನೋಡುವಂತೆ ಅದನ್ನು ತೊಡಿಸಿ ನೋಡಲು ಬಾರದು. ಆದುದರಿಂದಲೇ ಅಳತೆಯ ಕೆಲಸವು ಇಂದು ಚಿಕಿತ್ಸೆಯ ಅರ್ಧಭಾಗವಾಗಿ ನಿಂತಿದೆ.

ಈ ಮಾತು ಕೃತಕ ಮಸೂರದ ಹುಟ್ಟಿನ ದಿನವೇ ಸ್ಪಷ್ಟವಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಮುಚ್ಚಿಗೆಯ ಪರ್ಸ್ಪೆಕ್ಸ್ ಚೂರುಗಳು ಕೆಲವು ವೈಮಾನಿಕರ ಕಣ್ಣಿನೊಳಗೆ ಸೇರಿಯೂ ಕಣ್ಣು ಕೆರಳದೆ ಇದ್ದುದನ್ನು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ ಎಂಬ ನೇತ್ರವೈದ್ಯರು ಕಂಡರು. ಆ ಜಾತಿಯ ಪದಾರ್ಥದಿಂದಲೇ ಮಸೂರವನ್ನು ಮಾಡಿಸಿ, 1949ನೆಯ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬ ಮಹಿಳೆಯ ಕಣ್ಣಿನಲ್ಲಿ ಇರಿಸಿದರು. ಶಸ್ತ್ರಕರ್ಮವು ಸಫಲವಾಯಿತು, ಲೋಕಕ್ಕೆ ಹೊಸ ದಾರಿ ತೆರೆಯಿತು. ಆದರೆ ಮಸೂರದ ಶಕ್ತಿ ಬೇಕಾದುದಕ್ಕಿಂತ ಬಹಳ ಹೆಚ್ಚಾಗಿದ್ದುದರಿಂದ ಆಕೆಗೆ 10 ಡಯಾಪ್ಟರಿಗೂ ಮಿಗಿಲಾದ ಸಮೀಪದೃಷ್ಟಿಯ ದೋಷವುಂಟಾಯಿತು. ಕೈ ಗೆದ್ದಿತು, ಲೆಕ್ಕ ಸೋತಿತು. ಆ ಲೆಕ್ಕವನ್ನು ಸರಿಪಡಿಸುವುದಕ್ಕೆ ಮುಂದಿನ ಎಪ್ಪತ್ತೈದು ವರ್ಷಗಳಲ್ಲಿ ಅನೇಕರು ಶ್ರಮಿಸಿದ್ದಾರೆ.

ಲೆಕ್ಕಕ್ಕೆ ಮುಖ್ಯವಾಗಿ ಬೇಕಾದ ಅಳತೆಗಳು ಎರಡು. ಒಂದು, ಕಣ್ಣಿನ ಮುಂಭಾಗದಿಂದ ಹಿಂದಣ ಅಕ್ಷಿಪಟಲದವರೆಗಿನ ಉದ್ದ. ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 23 ಮಿಲಿಮೀಟರಿನ ಆಸುಪಾಸಿನಲ್ಲಿರುವುದು. ಎರಡನೆಯದು, ಕಣ್ಣಿನ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಕಾರ್ನಿಯದ ಬಾಗು. ಇದನ್ನು ಡಯಾಪ್ಟರುಗಳಲ್ಲಿ ಹೇಳುವರು. 43, 44 ಎಂಬುವು ಸಾಮಾನ್ಯ ಅಂಕಿಗಳು. ಇವೆರಡನ್ನೂ ಕೂಡಿಸಿ ಮಸೂರದ ಶಕ್ತಿಯನ್ನು ಪಡೆಯುವುದಕ್ಕೆ 1980ರಲ್ಲಿ ಸ್ಯಾಂಡರ್ಸ್, ರೆಟ್ಸ್ಲಾಫ್, ಕ್ರಾಫ್ ಎಂಬ ಮೂವರ ಹೆಸರಿನ ಸೂತ್ರವು ಪ್ರಸಿದ್ಧಿಗೆ ಬಂದಿತು. ಈಗ ಅದಕ್ಕಿಂತ ಸೂಕ್ಷ್ಮವಾದ ಸೂತ್ರಗಳು ಬಂದಿದ್ದರೂ, ವಿಷಯದ ತಿರುಳನ್ನು ತಿಳಿಯಲು ಅದೇ ಸುಲಭ. ಮಸೂರದ ಜಾತಿಗೆ ತಕ್ಕ ಒಂದು ಸ್ಥಿರಾಂಕವನ್ನು ತೆಗೆದುಕೊಳ್ಳಬೇಕು, 118.4 ಎಂದಿಟ್ಟುಕೊಳ್ಳೋಣ. ಅದರಿಂದ ಕಣ್ಣಿನ ಉದ್ದದ ಎರಡೂವರೆಯಷ್ಟನ್ನೂ, ಕಾರ್ನಿಯದ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲನ್ನೂ ಕಳೆಯಬೇಕು. ಉದ್ದವು 23.5, ಕಾರ್ನಿಯದ ಶಕ್ತಿಯು 44 ಆದರೆ, ಕಳೆಯಬೇಕಾದುವು 58.75 ಮತ್ತು 39.6, ಉಳಿಯುವುದು 20.05. ಎಂದರೆ 20 ಡಯಾಪ್ಟರ್ ಮಸೂರ ಸಾಕು.

ಈಗ ಅಳೆಯುವವರ ಕೈ ತಪ್ಪಿ 23.5ಕ್ಕೆ ಬದಲಾಗಿ 22.5 ಎಂದು ಬಂದಿತೆನ್ನಿ. ಉತ್ತರವು 22.55 ಆಗುವುದು. ಒಂದು ಮಿಲಿಮೀಟರ್ ತಪ್ಪಿಗೆ ಎರಡೂವರೆ ಡಯಾಪ್ಟರ್ ದಂಡ! ಕಣ್ಣಿನೊಳಗಿನ ಆ ಎರಡೂವರೆ ಡಯಾಪ್ಟರು ಹೊರಗಿನ ಕನ್ನಡಕದ ಲೆಕ್ಕದಲ್ಲಿ ಸುಮಾರು ಒಂದೂಮುಕ್ಕಾಲು ಆಗಿ ಕಾಣಿಸಿಕೊಳ್ಳುವುದು. ಕಾರ್ನಿಯದ ಅಳತೆಯಲ್ಲಿ ಒಂದು ಡಯಾಪ್ಟರ್ ತಪ್ಪಿದರೆ ಮಸೂರದಲ್ಲಿ ಹೆಚ್ಚುಕಡಿಮೆ ಅಷ್ಟೇ ತಪ್ಪುವುದು. ಶಾಲೆಯ ಗಣಿತದಲ್ಲಿ ಇಷ್ಟು ಸಣ್ಣ ತಪ್ಪಿಗೆ ನಾವು ಅರ್ಧ ಅಂಕವನ್ನು ಕಳೆದು ಮುಂದಕ್ಕೆ ಹೋಗುತ್ತಿದ್ದೆವು. ಇಲ್ಲಿ ಕಳೆಯುವುದು ಒಬ್ಬರ ನೋಟ.

ಉದ್ದವನ್ನು ಅಳೆಯುವ ಬಗೆ ಹೇಗೆ? ಬಾವಿಯ ಬಾಯಲ್ಲಿ ನಿಂತು ಕೂಗಿದರೆ ಪ್ರತಿಧ್ವನಿ ಬರುವಂತೆ, ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಶಬ್ದವನ್ನು ಕಣ್ಣಿನೊಳಕ್ಕೆ ಕಳುಹಿಸಿ, ಅದು ಹಿಂದಕ್ಕೆ ಬರುವ ಕಾಲವನ್ನು ಯಂತ್ರವು ಎಣಿಸುವುದು. ಕಣ್ಣಿನೊಳಗಿನ ದ್ರವದಲ್ಲಿ ಶಬ್ದದ ವೇಗವು ಸೆಕೆಂಡಿಗೆ 1532 ಮೀಟರ್, ಮಸೂರದಲ್ಲಿ 1641 ಮೀಟರ್ ಎಂದು ಹಿಡಿದಿದ್ದಾರೆ. ಹೋಗಿ ಬರುವುದಕ್ಕೆ ಹಿಡಿಯುವ ಹೊತ್ತು ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು 30 ಪಾಲು. ಯಂತ್ರದ ಎಣಿಕೆ ತಪ್ಪುವುದು ಅಪರೂಪ. ತಪ್ಪುವುದು ಯಂತ್ರದ ಕಡ್ಡಿಯನ್ನು ಹಿಡಿಯುವ ಕೈ. ಕಡ್ಡಿಯ ತುದಿಯನ್ನು ಕಾರ್ನಿಯಕ್ಕೆ ಸೋಕಿಸಿ ಅಳೆಯುವ ಪದ್ಧತಿಯಲ್ಲಿ, ಸ್ವಲ್ಪ ಒತ್ತಿದರೂ ಮೃದುವಾದ ಕಣ್ಣು ಕುಗ್ಗಿ ಉದ್ದ ಕಡಿಮೆಯಾಗುವುದು. ಪಳಗಿದ ಕೈಯಲ್ಲಿಯೂ ಮಿಲಿಮೀಟರಿನ ಹತ್ತನೆಯ ಒಂದೆರಡು ಪಾಲು ಹೀಗೆ ಹೋಗುವುದುಂಟು. ಕಡ್ಡಿಯು ಓರೆಯಾದರೆ ಶಬ್ದವು ನೋಟದ ನಟ್ಟನಡುವನ್ನು ಬಿಟ್ಟು ಬೇರೆ ದಾರಿಯನ್ನು ಹಿಡಿದು, ಬೇರೊಂದು ಉದ್ದವನ್ನು ಹೇಳುವುದು. ಹೂವಾಡಗಿತ್ತಿಯ ಮೊಳವನ್ನು ವಾಚಕರ ಮನೆಯವರು ಬಲ್ಲರು. ಮಾಲೆ ಒಂದೇ, ಮೊಳವೂ ಒಂದೇ. ಅಳೆಯುವ ತೋಳು ಬೇರೆಯಾದರೆ ಹೂವಿನ ಲೆಕ್ಕವೇ ಬೇರೆ.

ಈ ವಿಷಯವು ನಮಗೆ ಪುಸ್ತಕದಿಂದ ತಿಳಿದುದಲ್ಲ, ಮನೆಯಿಂದ ತಿಳಿಯಿತು. ನಮ್ಮ ಅಣ್ಣನವರ ಪತ್ನಿ, ನಮ್ಮ ಅತ್ತಿಗೆ, ಎಪ್ಪತ್ತನ್ನು ದಾಟಿದವರು. ಕೆಲವು ವರ್ಷಗಳ ಹಿಂದೆ ಅವರ ಬಲಗಣ್ಣಿನ ಪೊರೆಗೆ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ನಾವೇ ಜೊತೆಯಲ್ಲಿ ಹೋಗಿದ್ದೆವು. ಅಂದು ಅಲ್ಲಿ ನೂಕುನುಗ್ಗಲು. ಕಣ್ಣನ್ನು ಅಳೆಯುತ್ತಿದ್ದವರು ರಜದ ಮೇಲಿದ್ದರೆಂದು, ಚೀಟಿ ಬರೆಯುವ ಮೇಜಿನಲ್ಲಿ ಕೂತಿದ್ದ ಹುಡುಗನನ್ನೇ ಆ ಕೆಲಸಕ್ಕೆ ಎಬ್ಬಿಸಿದರು. ಆತನು ಒಂದು ಕಣ್ಣನ್ನು ಮಾತ್ರ ಅಳೆದು, ಯಂತ್ರವು ಸದ್ದು ಮಾಡಿದೊಡನೆ ಕಾಗದವನ್ನು ಹರಿದು ಕೊಟ್ಟನು. ಎರಡು ನಿಮಿಷವೂ ಆಗಲಿಲ್ಲ. ಶಸ್ತ್ರವೈದ್ಯರು ನಿಪುಣರು, ಮರುದಿನ ಪಟ್ಟಿ ಬಿಚ್ಚಿದಾಗ ಕಣ್ಣು ತಿಳಿಯಾಗಿ, ಕೆಂಪಿಲ್ಲದೆ, ನೋವಿಲ್ಲದೆ ಇದ್ದಿತು. ಆದರೆ ಅತ್ತಿಗೆಯವರು ಹತ್ತಿರದ ಅಕ್ಷರವನ್ನು ಓದಿದರೇ ಹೊರತು ಬಾಗಿಲಲ್ಲಿ ನಿಂತ ಮಗನ ಗುರುತನ್ನು ಹಿಡಿಯಲಿಲ್ಲ. ದೂರಕ್ಕೆ ಕನ್ನಡಕವೇ ಬೇಕಾಗದೆಂದು ಹೇಳಿದ್ದವರು, ಒಂದು ತಿಂಗಳಾದ ಮೇಲೆ ಒಂದೂಮುಕ್ಕಾಲು ಡಯಾಪ್ಟರಿನ ಕನ್ನಡಕವನ್ನು ಬರೆದುಕೊಟ್ಟರು. ಕಾರಣವೇನೆಂದು ಕೇಳಿದುದಕ್ಕೆ, ವಯಸ್ಸಾದವರಲ್ಲಿ ಹೀಗಾಗುವುದುಂಟು ಎಂಬ ಉತ್ತರ ಬಂದಿತು.

ಕನ್ನಡಕವನ್ನು ಹಾಕಿಕೊಂಡರೆ ಅವರಿಗೆ ಚೆನ್ನಾಗಿ ಕಾಣುತ್ತಿದ್ದಿತು. ಇದನ್ನು ನಾವು ಮರೆಮಾಚಬಾರದು. ಆದುದರಿಂದ ಇದೇನು ಮಹಾ ಅನರ್ಥವೆಂದು ಯಾರಾದರೂ ಕೇಳಬಹುದು. ಕನ್ನಡಕದಿಂದ ತಿದ್ದಲಾರದುದು ಮತ್ತೊಂದಿತ್ತು. ಅತ್ತಿಗೆಯವರ ಮನಸ್ಸಿನಲ್ಲಿ ಆಪರೇಷನ್ ಕೆಟ್ಟಿತೆಂಬುದು ನಿಂತುಹೋಯಿತು. ಎಡಗಣ್ಣಿಗೂ ಮಾಡಿಸಿಕೊಳ್ಳಿರೆಂದು ನಾವು ಹೇಳಿದಾಗಲೆಲ್ಲ, “ಒಂದು ಕಣ್ಣು ಕೊಟ್ಟು ನೋಡಿದ್ದಾಯಿತಲ್ಲಪ್ಪ, ಇನ್ನೊಂದು ದೇವರು ಕೊಟ್ಟ ಹಾಗೇ ಇರಲಿ” ಎನ್ನುತ್ತಿದ್ದರು. ಈ ಮಾತು ಅವರ ಬಾಯಿಂದ ಹೊರಟು ಬೀದಿಯ ನಾಲ್ಕು ಮನೆಗಳನ್ನು ಸುತ್ತಿತು. ಪೊರೆ ಬಂದಿದ್ದ ಇನ್ನಿಬ್ಬರು ಹೆಂಗಸರು ಅವರನ್ನೇ ಸಾಕ್ಷಿಮಾಡಿಕೊಂಡು ಆಸ್ಪತ್ರೆಗೆ ಹೋಗದೆ ಉಳಿದರು. ಎರಡು ವರ್ಷ ಹೀಗೆ ಕಳೆಯಿತು. ಎಡಗಣ್ಣು ಪೂರ್ತಿ ಬೆಳ್ಳಗಾಯಿತು. ಒಂದು ಸಂಜೆ ಹಿತ್ತಲಿಗೆ ಇಳಿಯುವಾಗ ಎಡಗಡೆಯ ಮೆಟ್ಟಲು ಕಾಣದೆ ಅವರು ಜಾರಿ ಬಿದ್ದು ಮುಂಗೈಯನ್ನು ಮುರಿದುಕೊಂಡರು. ಅದಾದ ಮೇಲೆಯೇ ಅಳೆದೂ ಸುರಿದೂ ಇನ್ನೊಂದು ಊರಿನ ಕಣ್ಣಾಸ್ಪತ್ರೆಗೆ ಬರಲು ಒಪ್ಪಿದುದು.

ಇಲ್ಲಿ ಯಂತ್ರಗಳ ವಿಚಾರವಾಗಿ ಒಂದು ಮಾತನ್ನು ಹೇಳದೆ ಮುಂದುವರಿಯಬಾರದು. 1999ರಲ್ಲಿ ಜರ್ಮನಿಯ ಜೈಸ್ ಸಂಸ್ಥೆಯು ಶಬ್ದಕ್ಕೆ ಬದಲಾಗಿ ಬೆಳಕಿನಿಂದ ಕಣ್ಣಿನ ಉದ್ದವನ್ನಳೆಯುವ ಯಂತ್ರವನ್ನು ಹೊರತಂದಿತು. ಇದು ಕಣ್ಣನ್ನು ಮುಟ್ಟುವುದೇ ಇಲ್ಲ. ಆದುದರಿಂದ ಒತ್ತುವ ದೋಷವೂ ಇಲ್ಲ. ಇದರ ಫಲವನ್ನು ಎರಡು ಅಂಕಿಗಳು ಹೇಳುತ್ತವೆ. ಶಬ್ದದ ಯಂತ್ರದ ಕಾಲದಲ್ಲಿ, 1992ರಲ್ಲಿ, ಡೆನ್ಮಾರ್ಕಿನ ಓಲ್ಸೆನ್ ಎಂಬವರು ಮಸೂರದ ಲೆಕ್ಕದಲ್ಲಿ ಬರುವ ತಪ್ಪುಗಳ ಮೂಲವನ್ನು ಶೋಧಿಸಿದಾಗ, ನೂರರಲ್ಲಿ 54 ಪಾಲು ಕಣ್ಣಿನ ಉದ್ದದ ಅಳತೆಗೇ ಸೇರಿದ್ದಿತು. 2008ರಲ್ಲಿ ನಾರ್ಬಿ ಎಂಬವರು ಬೆಳಕಿನ ಅಳತೆಯನ್ನು ಹಿಡಿದು ಅದೇ ಲೆಕ್ಕವನ್ನು ಮಾಡಿದಾಗ ಆ ಪಾಲು 17ಕ್ಕೆ ಇಳಿದಿದ್ದಿತು. ಇದನ್ನು ಕೇಳಿದವರು, ಇನ್ನು ಕೈಗೇನು ಕೆಲಸ, ಒಳ್ಳೆಯ ಯಂತ್ರವನ್ನು ತಂದರೆ ಸಾಕಲ್ಲವೆ ಎನ್ನಬಹುದು. ಸಾಲದು. ಬೆಳಕು ಅಕ್ಷಿಪಟಲವನ್ನು ಮುಟ್ಟಿ ಹಿಂತಿರುಗಬೇಕಾದರೆ ಅದಕ್ಕೆ ದಾರಿ ಬೇಕು. ಪೂರ್ತಿ ಬಿಳುಪೇರಿದ ಪೊರೆಯು ಆ ದಾರಿಯನ್ನು ಮುಚ್ಚಿಬಿಡುವುದು. ಹೊಸ ಯಂತ್ರಗಳು ಹಳೆಯವಕ್ಕಿಂತ ಸಮರ್ಥವಾಗಿದ್ದರೂ ಇಂಥ ಕೆಲವು ಕಣ್ಣುಗಳಲ್ಲಿ ಅವೂ ಸೋಲುವುವು. ನಮ್ಮ ದೇಶದಲ್ಲಿ ಬಡತನದಿಂದಲೋ, ಭಯದಿಂದಲೋ, ನಮ್ಮ ಅತ್ತಿಗೆಯವರಂತೆ ನಂಬಿಕೆಯನ್ನು ಕಳೆದುಕೊಂಡೋ ತಡಮಾಡಿ ಬರುವವರು ಕಡಮೆಯಿಲ್ಲ. ಯಾರಿಗೆ ಅತ್ಯುತ್ತಮ ಅಳತೆ ಬೇಕಾಗಿದೆಯೋ ಅವರಿಗೇ ಬೆಳಕಿನ ಯಂತ್ರ ಒದಗದೆ, ಕೈಯೇ ಗತಿಯಾಗುವುದು.

ಅತ್ತಿಗೆಯವರಿಗೆ ಹಾಗೆಯೇ ಆಯಿತು. ಆ ಎರಡನೆಯ ಆಸ್ಪತ್ರೆಯಲ್ಲಿ ಅಳೆಯುವವಳು ಇಪ್ಪತ್ತೈದು ದಾಟದ ಹೆಣ್ಣುಮಗಳು. ಆಕೆಯು ಮೊದಲು ಯಂತ್ರದ ಮೇಲೆ ಒಂದು ಕೃತಕ ಕಣ್ಣನ್ನಿಟ್ಟು, ಗೊತ್ತಿದ್ದ ಅಳತೆ ಬರುವುದೋ ಇಲ್ಲವೋ ಎಂದು ನೋಡಿದಳು. ತರುವಾಯ ಅತ್ತಿಗೆಯವರನ್ನು ಕೂಡಿಸಿ, ಈ ಕಣ್ಣಿಗೆ ಹಿಂದೆ ಏಟು ಬಿದ್ದಿತ್ತೆ, ಬೇರೆ ಚಿಕಿತ್ಸೆಯೇನಾದರೂ ಆಗಿತ್ತೆ ಎಂದು ಕೇಳಿದಳು. ಕಣ್ಣಿಗೆ ಯಾವ ಹನಿಯನ್ನೂ ಹಾಕುವುದಕ್ಕೆ ಮುಂಚೆ ಕಾರ್ನಿಯದ ಬಾಗನ್ನು ಅಳೆದಳು; ಹನಿ ಹಾಕಿ, ಕಡ್ಡಿ ಮುಟ್ಟಿಸಿದ ಮೇಲೆ ಆ ಅಳತೆ ಕೆಡುವುದೆಂಬುದು ಅವಳಿಗೆ ಗೊತ್ತು. ಬೆಳಕಿನ ಯಂತ್ರವು ಬಿಳಿಯ ಪೊರೆಯ ಮುಂದೆ ಸೋತಿತು. ಆಗ ರೆಪ್ಪೆಗಳ ನಡುವೆ ಒಂದು ಪುಟ್ಟ ಬಟ್ಟಲನ್ನಿರಿಸಿ, ಅದರಲ್ಲಿ ಉಪ್ಪುನೀರಿನ ದ್ರವವನ್ನು ತುಂಬಿ, ಕಡ್ಡಿಯು ಕಣ್ಣನ್ನು ಮುಟ್ಟದೆ ನೀರಿನಲ್ಲಿಯೇ ನಿಲ್ಲುವಂತೆ ಹಿಡಿದಳು. “ಅಜ್ಜಿ, ಮೇಲೆ ಒಂದೇ ಕಡೆ ನೋಡುತ್ತಾ ಇರಿ, ಆಯಾಸವಾದರೆ ಹೇಳಿ, ನಿಲ್ಲಿಸುತ್ತೇನೆ” ಎಂದಳು.

ಯಂತ್ರದ ಪರದೆಯಲ್ಲಿ ಗೋಪುರಗಳಂತೆ ಗೆರೆಗಳೇಳುತ್ತಿದ್ದುವು. ಕೇಳಿದಾಗ ಆಕೆಯು ಕೆಲಸವನ್ನು ಬಿಡದೆಯೇ ವಿವರಿಸಿದಳು: ಮೊದಲನೆಯದು ಕಾರ್ನಿಯ, ಮುಂದಿನ ಎರಡು ಮಸೂರದ ಮುಂದು ಹಿಂದಿನವು, ಆಮೇಲಿನದು ಅಕ್ಷಿಪಟಲ. ಈ ಕಡೆಯ ಗೆರೆ ನೆಟ್ಟಗೆ, ಎತ್ತರವಾಗಿ ಏಳಬೇಕು; ಇಳಿಜಾರಾಗಿದ್ದರೆ ಕಡ್ಡಿ ಓರೆಯಾಗಿದೆ. ಅದರ ಹಿಂದೆ ಸಣ್ಣ ಗೆರೆಗಳು ಸಾಲಾಗಿ ಕಾಣಬೇಕು. ಕಾಣದಿದ್ದರೆ ಶಬ್ದವು ಕಣ್ಣಿನ ನರದ ಮೇಲೆ ಬಿದ್ದಿದೆ. ಯಂತ್ರವು ಅಂಥ ತಪ್ಪು ಗೆರೆಗೂ ಸದ್ದು ಮಾಡಿ ಅಂಕಿಯನ್ನು ಕೊಟ್ಟುಬಿಡಬಹುದು. ಒಪ್ಪುವುದೂ ಬಿಡುವುದೂ ನೋಡುವವರಿಗೆ ಸೇರಿದ್ದು. ಹತ್ತು ಸಲ ಅಳೆದು, ಸರಿಯಿಲ್ಲದ ಮೂರನ್ನು ಅಳಿಸಿ ಮತ್ತೆ ಮೂರನ್ನು ತೆಗೆದಳು. ಅನ್ನ ಬೆಂದಿತೋ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂಬ ಸ್ಥಾಲೀಪುಲಾಕ ನ್ಯಾಯವನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತಿದ್ದೆವು. ಕಣ್ಣಿನ ಅಳತೆಗೆ ಅದು ಸಲ್ಲದು. ಇಲ್ಲಿ ಪ್ರತಿಯೊಂದು ಅಗುಳನ್ನೂ ನೋಡಬೇಕು.

ಎಡಗಣ್ಣಿನ ಉದ್ದ 23.4 ಎಂದು ಬಂದಿತು. ಆಕೆಯು ಹಳೆಯ ಆಸ್ಪತ್ರೆಯ ಕಾಗದವನ್ನು ಕೇಳಿ ತೆಗೆದುಕೊಂಡು ನೋಡಿದಳು. ಬಲಗಣ್ಣು 22.3 ಎಂದಿದ್ದಿತು. ಆಕೆಯ ಕೈ ನಿಂತಿತು. “ಎರಡು ಕಣ್ಣುಗಳ ವ್ಯತ್ಯಾಸ ಸಾಮಾನ್ಯವಾಗಿ ಇಷ್ಟು ಬರುವುದಿಲ್ಲ ಸರ್. ಸೊನ್ನೆ ಬಿಂದು ಮೂರಕ್ಕಿಂತ ಹೆಚ್ಚು ಬಂದರೆ ಮತ್ತೆ ಅಳೆಯಬೇಕು ಎಂದು ನಮಗೆ ಹೇಳಿಕೊಟ್ಟಿದ್ದಾರೆ” ಎಂದು, ಆಗಲೇ ಮಸೂರ ಕೂತಿದ್ದ ಬಲಗಣ್ಣನ್ನು ಬೆಳಕಿನ ಯಂತ್ರದಲ್ಲಿ ಅಳೆದಳು. 23.3 ಬಂದಿತು. ಎರಡು ವರ್ಷಗಳಿಂದ ವಯಸ್ಸಿನ ತಲೆಯ ಮೇಲೆ ಹೊರಿಸಿದ್ದ ದೋಷವು ಒಂದು ಮಿಲಿಮೀಟರಿನಲ್ಲಿ ಸಿಕ್ಕಿತು. ಅಂದು ಯಾರಾದರೂ ಎರಡು ಕಣ್ಣುಗಳನ್ನೂ ಅಳೆದು ಒಂದರ ಪಕ್ಕದಲ್ಲಿ ಇನ್ನೊಂದನ್ನು ಬರೆದಿದ್ದರೆ, ಆ ತಪ್ಪು ಕಾಗದದ ಮೇಲೆಯೇ ಉಳಿದು ಕಣ್ಣಿನೊಳಕ್ಕೆ ಇಳಿಯುತ್ತಿರಲಿಲ್ಲ.

ಎಡಗಣ್ಣಿನ ಚಿಕಿತ್ಸೆ ಸುಸೂತ್ರವಾಗಿ ಆಯಿತು. ದೂರದ ನೋಟಕ್ಕೆ ಲೆಕ್ಕಹಾಕಿದ ಮಸೂರವು ದೂರವನ್ನೇ ಕೊಟ್ಟಿತು. ತಿಂಗಳ ತರುವಾಯ ನೋಡಿದಾಗ ಉಳಿದಿದ್ದ ದೋಷ ಕಾಲು ಡಯಾಪ್ಟರು. ಈಗ ಅವರು ಎಡಗಣ್ಣಿನಿಂದ ದಾರಿಯನ್ನೂ, ಬಲಗಣ್ಣಿನಿಂದ ಪುಸ್ತಕವನ್ನೂ ನೋಡಿ ಕನ್ನಡಕವನ್ನು ಬಹುಮಟ್ಟಿಗೆ ಮರೆತಿದ್ದಾರೆ. ದೈವವು ತಪ್ಪಿಗೂ ಒಂದು ಪ್ರಯೋಜನವನ್ನು ಕಲ್ಪಿಸಿತೆಂದು ಮನೆಯವರು ನಗುವುದುಂಟು. ಆದರೆ ಮುರಿದ ಮುಂಗೈ ಇಂದಿಗೂ ಪೂರ್ತಿ ತಿರುಗದು; ಹಿಟ್ಟು ನಾದುವುದನ್ನು ಅವರು ಬಿಟ್ಟಿದ್ದಾರೆ. ಬೀದಿಯ ಆ ಇಬ್ಬರು ಹೆಂಗಸರಲ್ಲಿ ಒಬ್ಬರು ಇವರನ್ನು ನೋಡಿ ಧೈರ್ಯ ತಂದುಕೊಂಡರು; ಇನ್ನೊಬ್ಬರು ಇನ್ನೂ ಒಪ್ಪಿಲ್ಲ.

ಆ ಹುಡುಗನಿಗೂ ಈ ಹೆಣ್ಣುಮಗಳಿಗೂ ಇದ್ದ ಭೇದವೇನು? ಬುದ್ಧಿಯಲ್ಲಿ ಭೇದವಿದ್ದಿತೆಂದು ನಾವು ಭಾವಿಸುವುದಿಲ್ಲ. ಆತನನ್ನು ದೂರುವುದಕ್ಕೂ ನಮಗೆ ಮನಸ್ಸಿಲ್ಲ. ಈಕೆಗೆ ಕಲಿಸಿದ್ದರು, ಆತನಿಗೆ ಕಲಿಸಿರಲಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ಯೋಗ್ಯಾಸೂತ್ರೀಯವೆಂಬ ಅಧ್ಯಾಯವೊಂದಿದೆ. ‘ಯೋಗ್ಯಾ’ ಎಂದರೆ ಅಭ್ಯಾಸ, ಕೈ ಪಳಗಿಸುವುದು. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದ ಶಿಷ್ಯನೂ ಕೈಯ ಅಭ್ಯಾಸವಿಲ್ಲದಿದ್ದರೆ ಕೆಲಸಕ್ಕೆ ಅನರ್ಹನೆಂಬುದು ಅಲ್ಲಿನ ಅಭಿಪ್ರಾಯ. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ, ಚುಚ್ಚುವುದನ್ನು ನೈದಿಲೆಯ ನಾಳದ ಮೇಲೆ, ಹೊಲಿಯುವುದನ್ನು ದಪ್ಪ ಬಟ್ಟೆಯ ಅಂಚಿನ ಮೇಲೆ, ಕಟ್ಟು ಕಟ್ಟುವುದನ್ನು ಗೊಂಬೆಯ ಮೇಲೆ ಕಲಿತು ಬರಬೇಕೆಂದು ಅಲ್ಲಿ ವಿಧಿಸಿದೆ. ರೋಗಿಯ ಮೈ ಶಿಷ್ಯನ ಹಲಗೆಯಾಗಬಾರದೆಂಬುದೇ ಇದರ ತಾತ್ಪರ್ಯ. ಈ ನಿಯಮವು ಶಸ್ತ್ರ ಹಿಡಿಯುವವರಿಗೆ ಮಾತ್ರವೇ ಅಲ್ಲ, ಅಳತೆಯ ಕಡ್ಡಿ ಹಿಡಿಯುವವರಿಗೂ ಸಲ್ಲಬೇಕು.

ಅಭ್ಯಾಸದ ಮಹಿಮೆಯನ್ನು ನಾವು ಶಾಲೆಯಲ್ಲಿ ಕಂಡಿದ್ದೇವೆ. ಸಂಸ್ಕೃತವನ್ನು ಓದಿ ಬಂದವರಾದರೂ ಕೆಳಗಿನ ತರಗತಿಗಳಿಗೆ ಗಣಿತದ ಪಾಠವನ್ನೂ ಹೇಳಬೇಕಾಗಿದ್ದಿತು. ವರ್ಷದ ಮೊದಲಲ್ಲಿ ಒಂದೇ ಮೇಜನ್ನು ಮೂವತ್ತು ಮಕ್ಕಳಿಂದ ಅಳೆಯಿಸಿದರೆ ಹತ್ತು ಹದಿನೈದು ಉತ್ತರಗಳು ಬರುತ್ತಿದ್ದುವು. ಒಬ್ಬನು ಅಳತೆಪಟ್ಟಿಯ ಸೊನ್ನೆಯನ್ನು ಬಿಟ್ಟು ಅಂಚಿನಿಂದ ಅಳೆಯುವನು. ಒಬ್ಬಳು ಪಟ್ಟಿಯನ್ನು ಓರೆಯಾಗಿ ಇಡುವಳು. ಇನ್ನೊಬ್ಬನು ಪಕ್ಕದವನ ಉತ್ತರವನ್ನೇ ಬರೆಯುವನು. ದಿನವೂ ಅಳೆಯಿಸಿ, ತಪ್ಪು ಎಲ್ಲಿಂದ ಬಂದಿತೆಂದು ಅವರಿಂದಲೇ ಹುಡುಕಿಸಿದರೆ, ದಸರೆಯ ಹೊತ್ತಿಗೆ ಉತ್ತರಗಳೆಲ್ಲ ಎರಡು ಮೂರರೊಳಗೆ ಬಂದು ನಿಲ್ಲುತ್ತಿದ್ದುವು. ಪಟ್ಟಿಯೂ ಅದೇ, ಮೇಜೂ ಅದೇ.

ಈ ತತ್ತ್ವವನ್ನು ನಮ್ಮ ನೆರೆಯ ತಮಿಳುನಾಡಿನಲ್ಲಿ ದೊಡ್ಡ ಪ್ರಮಾಣದಲ್ಲಿ ಆಚರಣೆಗೆ ತಂದವರಿದ್ದಾರೆ. 1976ರಲ್ಲಿ ಡಾ॥ ಜಿ. ವೆಂಕಟಸ್ವಾಮಿಯವರು ಮಧುರೆಯಲ್ಲಿ 11 ಹಾಸಿಗೆಗಳಿಂದ ಅರವಿಂದ ಕಣ್ಣಾಸ್ಪತ್ರೆಯನ್ನು ಆರಂಭಿಸಿದರು. ಹಳ್ಳಿಗಾಡಿನ ಹೆಣ್ಣುಮಕ್ಕಳನ್ನು ಆರಿಸಿ, ಎರಡು ವರ್ಷಗಳ ತರಬೇತು ಕೊಟ್ಟು, ಕಣ್ಣನ್ನು ಪರೀಕ್ಷಿಸುವುದು, ಅಳೆಯುವುದು, ಶಸ್ತ್ರವೈದ್ಯರಿಗೆ ಸಹಾಯಮಾಡುವುದು ಮುಂತಾದ ಕೆಲಸಗಳಿಗೆ ಸಿದ್ಧಪಡಿಸುವ ಏರ್ಪಾಟು ಆ ಸಂಸ್ಥೆಯ ಬೆನ್ನೆಲುಬು. ಅದರ ಜೊತೆಯ ಅರೋಲ್ಯಾಬ್ 1992ರಲ್ಲಿ ಆರಂಭವಾಗಿ ಕೃತಕ ಮಸೂರವನ್ನು ಬಡವರಿಗೆ ನಿಲುಕುವ ಬೆಲೆಗೆ ತಂದಿತು. ಮಸೂರ ಅಗ್ಗವಾದುದು ದೊಡ್ಡ ಉಪಕಾರ. ಆದರೆ ಡಬ್ಬಿಯ ಮೇಲೆ ಯಾವ ಅಂಕಿಯಿರುವ ಮಸೂರವನ್ನು ತೆರೆಯಬೇಕೆಂದು ಹೇಳುವವರಿಲ್ಲದಿದ್ದರೆ ಅಗ್ಗದ ಮಸೂರವೂ ದುಬಾರಿಯೇ.

ತಪ್ಪುವುದು ಬಡದೇಶಗಳಲ್ಲಿ ಮಾತ್ರವೆಂದು ತಿಳಿಯಬೇಡಿ. ಇಂಗ್ಲೆಂಡು ವೇಲ್ಸುಗಳಲ್ಲಿ 2003ರಿಂದ 2010ರವರೆಗೆ ವರದಿಯಾದ, ತಪ್ಪು ಮಸೂರವನ್ನಿಟ್ಟ 164 ಪ್ರಸಂಗಗಳನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ 62ಕ್ಕೆ ಅಳತೆಯ ತಪ್ಪೇ ಕಾರಣವಾಗಿದ್ದಿತು. ಅಂಕಿಯನ್ನು ನಕಲು ಮಾಡುವಾಗ ಆದ ತಪ್ಪುಗಳೂ, ಕೈಬರಹವನ್ನು ತಪ್ಪಾಗಿ ಓದಿದುದೂ ಅದರಲ್ಲಿದ್ದುವು. ಆ ದೇಶದಲ್ಲಿಯೇ 2009ರಲ್ಲಿ ಒಂದು ಮಟ್ಟವನ್ನು ಸೂಚಿಸಿದರು: ನೂರು ಕಣ್ಣುಗಳಲ್ಲಿ 85 ಆದರೂ ಗುರಿಯಿಂದ ಒಂದು ಡಯಾಪ್ಟರಿನೊಳಗೆ, 55 ಆದರೂ ಅರ್ಧ ಡಯಾಪ್ಟರಿನೊಳಗೆ ಬರಬೇಕು. ಇಂಥ ಮಟ್ಟದ ಉಪಯೋಗ ಏನೆಂದರೆ, ಅಳೆದವರಿಗೆ ತಮ್ಮ ಅಳತೆಯ ಫಲ ತಿಳಿಯುವುದು. ಚಿಕಿತ್ಸೆಯಾಗಿ ಒಂದು ತಿಂಗಳ ಮೇಲೆ ಉಳಿದ ದೋಷವನ್ನು ಪುಸ್ತಕದಲ್ಲಿ ಬರೆದು, ಅಳೆದವರ ಮುಂದೆಯೇ ಇಟ್ಟರೆ ಅದು ಎಲ್ಲ ತರಬೇತಿಗಿಂತ ದೊಡ್ಡ ತರಬೇತಿ. ಉತ್ತರಪತ್ರಿಕೆಯನ್ನು ತಿದ್ದಿ ಹಿಂದಕ್ಕೆ ಕೊಡದ ಉಪಾಧ್ಯಾಯನಿಂದ ಯಾವ ವಿದ್ಯಾರ್ಥಿ ತಾನೆ ಕಲಿತಾನು? ಆ ಹುಡುಗನಿಗೆ ತಾನು ಬರೆದ 22.3 ಎಂಬ ಅಂಕಿಯಿಂದ ಏನಾಯಿತೆಂದು ಇಂದಿಗೂ ಯಾರೂ ಹೇಳಿರಲಾರರು.

ಗೃಹಸ್ಥರು ಮಾಡಬಹುದಾದುದೂ ಕೆಲವುಂಟು. ಹಳೆಯ ಕನ್ನಡಕವನ್ನೂ ಹಳೆಯ ಕಾಗದಗಳನ್ನೂ ಅಳತೆಯ ದಿನ ಒಯ್ಯಬೇಕು. ಕಣ್ಣಿಗೆ ಅಂಟಿಸಿಕೊಳ್ಳುವ ಕಾಂಟ್ಯಾಕ್ಟ್ ಲೆನ್ಸ್ ಅಭ್ಯಾಸವಿದ್ದವರು ಅದನ್ನು ಎಷ್ಟು ದಿನ ಮೊದಲು ಬಿಡಬೇಕೆಂದು ಕೇಳಿ ತಿಳಿಯಬೇಕು. ಅದು ಕಾರ್ನಿಯದ ಬಾಗನ್ನು ಕೆಲಕಾಲ ಬದಲಾಯಿಸುವುದು. ಕನ್ನಡಕವನ್ನು ಬಿಡಿಸುವ ಲೇಸರ್ ಚಿಕಿತ್ಸೆ ಹಿಂದೆ ಆಗಿದ್ದರೆ ತಪ್ಪದೆ ತಿಳಿಸಬೇಕು. ಸಾಮಾನ್ಯ ಲೆಕ್ಕವು ಅಂಥ ಕಣ್ಣಿಗೆ ಹೊಂದದು. ಎರಡು ಕಣ್ಣುಗಳನ್ನೂ ಅಳೆಯಿರೆಂದು ಕೇಳುವುದರಲ್ಲಿ ಸಂಕೋಚ ಬೇಡ. ಅಳತೆಯ ಕಾಗದದ ಒಂದು ಪ್ರತಿಯನ್ನು ಮನೆಯಲ್ಲಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಳೆಯುವವರು ಮತ್ತೊಮ್ಮೆ ಅಳೆಯುತ್ತೇನೆಂದರೆ, ಇವರಿಗೆ ಬರುವುದಿಲ್ಲವೆಂದು ಗೊಣಗಬಾರದು. ಮತ್ತೊಮ್ಮೆ ಅಳೆಯುವವರೇ ಬಲ್ಲವರು.

ನಮ್ಮ ಊರುಗಳಲ್ಲಿ ದಾನಿಗಳಿಗೆ ಕೊರತೆಯಿಲ್ಲ. ತಂದೆತಾಯಿಗಳ ಹೆಸರಿನಲ್ಲಿ ಆಸ್ಪತ್ರೆಗೆ ಯಂತ್ರವನ್ನು ಕೊಡುವವರಿದ್ದಾರೆ. ಅದರ ಮೇಲೆ ಹೆಸರನ್ನು ಕೆತ್ತಿಸಿ ಹಾರ ಹಾಕುವ ಸಮಾರಂಭಗಳನ್ನು ನಾವೂ ನೋಡಿದ್ದೇವೆ. ಅದು ಪುಣ್ಯದ ಕೆಲಸವೇ. ಮುಂದಿನ ಸಲ ಅಂಥ ದಾನಿಗಳು, ಒಂದು ಬಡ ಹುಡುಗಿಯನ್ನೋ ಹುಡುಗನನ್ನೋ ಆ ಯಂತ್ರವನ್ನು ನಡೆಸುವ ವಿದ್ಯೆಗೆ ಕಳುಹಿಸುವ ಖರ್ಚನ್ನೂ ಜೊತೆಯಲ್ಲಿಯೇ ಕೊಡಲಿ. ರಜದ ದಿನಕ್ಕೆ ಒದಗುವಂತೆ ಇನ್ನೊಬ್ಬರನ್ನೂ ಕಳುಹಿಸಲಿ. ಕಲಿತ ಕೈಯ ಮೇಲೆ ದಾನಿಯ ಹೆಸರನ್ನು ಕೆತ್ತಿಸಲು ಬಾರದು, ನಿಜ. ಆದರೆ ಆ ಕೈ ಅಳೆದ ಕಣ್ಣುಗಳು ಬಾಗಿಲಲ್ಲಿ ನಿಂತ ಮಗನ ಗುರುತನ್ನು ಹಿಡಿಯುವುವು.